ಓಡಿದ ಇಲಿಯ ಅಂಗಾಲು

ಬಲಗೈಯ ಬೆರಳುಗಳು ಬಿಡಿಸಿಕೊಳ್ಳಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಕಣ್ಣಿಗೆ ಕಾಣದ ಏನನ್ನೋ ಹಿಡಿದುಕೊಂಡಂತೆ ಬಿಗಿದಿದ್ದವು. ಒದ್ದೆ ಬಟ್ಟೆಯನ್ನು ಆ ಸಂದಿಗೆ ತೂರಿಸಲು ಚಕ್ರಣ್ಣ ಎರಡು ಸಲ ನೋಡಿದ. ಮೂರನೆಯ ಸಲ ತುಸು ಜೋರಾಗಿಯೇ ಎಳೆದ.

"ಬಿಡಿ ಭಾವ," ಎಂದಳು ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದ ನಾದಿನಿ. "ನಿದ್ದೇಲೂ ಹಾಗೇ ಇರ್ತಿತ್ತು ಅವರ ಕೈ. ಬದುಕಿದ್ದಾಗಲೇ ಬಿಡಿಸೋಕೆ ಆಗ್ಲಿಲ್ಲ, ಈಗೆಲ್ಲಿ."

ಸತ್ತವನು ಚಕ್ರಣ್ಣನ ಷಡ್ಡಕ. ಅಕ್ಕನನ್ನು ಇವನು ಕಟ್ಟಿಕೊಂಡಿದ್ದ, ತಂಗಿಯನ್ನು ಅವನು. ಮೂವತ್ತು ವರ್ಷ ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಸಹಾಯಕರು. ಅವನದು ರಕ್ತದ ಕೋಣೆ; ಇಲಿಯದಾಗಲಿ ರೋಗಿಯದಾಗಲಿ, ಯಾವ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆಂದು ನೋಡುವ ಕೆಲಸ. ಇವನದು ಓಟದ ಕೋಣೆ. ಪಂಜರದೊಳಗಿನ ಚಕ್ರ ತುಳಿದು ಓಡುವ ಇಲಿಗಳನ್ನು ಸಾಕುವ ಕೆಲಸ. ಹೆಪ್ಪಣ್ಣ, ಚಕ್ರಣ್ಣ ಎಂದು ಯಾರೋ ತಮಾಷೆಗೆ ಕರೆದದ್ದು ಅಂಟಿಕೊಂಡು, ಕೊನೆಗೆ ಮನೆಯ ಹೆಂಗಸರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು.

ಕೊನೆಯ ಹನ್ನೊಂದು ವರ್ಷ ಪ್ರಯೋಗಾಲಯದ ಗಾಜು ತೊಳೆದು ಆ ಕೈಯ ಚರ್ಮ ಬಿರಿದಿತ್ತು. ಚಕ್ರಣ್ಣ ಅದನ್ನು ಕಂಡೂ ಕಾಣದವನಂತೆ ಒರೆಸಿ, ಮೇಲೆ ಬಿಳಿ ಬಟ್ಟೆ ಎಳೆದ.

ಹೊರಗೆ ಅಂಗಳದಲ್ಲಿ ಬೆಂಚು ಹಾಕಿದ್ದರು. ಪಕ್ಕದ ಮನೆಯ ಬಡಗಿ ಪ್ರಯೋಗಾಲಯದ ಡ್ರೈವರನನ್ನು ವಿಚಾರಿಸುತ್ತಿದ್ದ.

"ಮೊನ್ನೆ ತಾನೇ ಮಾತಾಡಿಸಿದ್ದೆ. ಏನಾಗಿತ್ತಂತೆ?"

"ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಮೇಲಕ್ಕೆ ಎದೆಗೆ ಹೋಯ್ತಂತೆ. ಇಡೀ ದಿನ ನಿಂತೇ ಮಾಡೋ ಕೆಲಸ ನೋಡಿ."

"ಅಯ್ಯೋ ಶಿವನೇ! ಜನ್ಮವೆಲ್ಲ ಹೆಪ್ಪು ಕಾದೋರಿಗೆ ಹೆಪ್ಪೇ ಬಂತಾ?"

"ಕಾವಲುಗಾರನ ಮನೆಗೇ ಕಳ್ಳ ನುಗ್ಗಿದ ಹಾಗೆ."

ಬಾಗಿಲಲ್ಲಿ ಕುಳಿತಿದ್ದ ಚಕ್ರಣ್ಣನ ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಮ್ಮನೇಲಿ ಹಾಲಿಗೆ ಹೆಪ್ಪು ಹಾಕಿದ್ರೂ ಗಡಿಯಾರ ನೋಡೋನು. 'ಅಕ್ಕಾ, ಪಾತ್ರೆ ಅಲ್ಲಾಡಿಸಬೇಡಿ, ಅದು ಯೋಚನೆ ಮಾಡ್ತಿದೆ' ಅನ್ನೋನು." ಹೇಳುತ್ತ ನಕ್ಕಳು, ನಗುತ್ತಲೇ ಬಿಕ್ಕಿದಳು.

ಚಕ್ರಣ್ಣ ಅವಳನ್ನೇ ನೋಡಿದ. ಮೂವತ್ತೈದು ವರ್ಷದ ಸಂಸಾರದಲ್ಲಿ ತನ್ನ ಒಂದು ಮಾತನ್ನಾದರೂ ಅವಳು ಹೀಗೆ ನೆನೆಸಿಕೊಂಡು ನಕ್ಕದ್ದುಂಟೆ? ನೆನಪಾಗಲಿಲ್ಲ.

ಕೋಲೂರಿಕೊಂಡು ಒಬ್ಬ ಎತ್ತರದ ತರುಣ ಬಂದ. ಗಾಯವಾದರೆ ರಕ್ತ ನಿಲ್ಲದ ಕಾಯಿಲೆಯವನು. ಎಂಟನೇ ವಯಸ್ಸಿನಿಂದ ಅವನ ರಕ್ತ ನೋಡಿದ್ದು ಹೆಪ್ಪಣ್ಣನೇ. ಒಳಗೆ ಹೋಗಿ, ಮಂಡಿ ಬಗ್ಗದಿದ್ದರೂ ಕಷ್ಟಪಟ್ಟು ಶವದ ಪಕ್ಕ ನೆಲಕ್ಕೆ ಕುಳಿತು, ಬಟ್ಟೆ ಸರಿಸಿ, ಆ ಬಿಗಿದ ಬೆರಳುಗಳನ್ನು ಮುಟ್ಟಿ, ಗಟ್ಟಿಯಾಗಿ ಅತ್ತುಬಿಟ್ಟ. "ಎಲ್ಲರೂ ಓಡಬೇಡ, ಬೀಳ್ತೀಯ ಅಂತಿದ್ರು. ಇವರೊಬ್ಬರೇ ದಿನಾ ಕೆರೆ ಏರಿ ಮೇಲೆ ಕೈ ಹಿಡ್ಕೊಂಡು ನಡೆಸಿದ್ದು," ಎಂದು ಎಲ್ಲರಿಗೂ ಹೇಳಿದ.

ನಾನು ಸತ್ತರೆ ಯಾರು ಹೀಗೆ ಬಂದು ಅಳುತ್ತಾರೆ, ಎಂದುಕೊಂಡ ಚಕ್ರಣ್ಣ. ಇಲಿಗಳೇ ಬರಬೇಕು.

*

ಹೆಪ್ಪಣ್ಣನನ್ನು ಪ್ರಯೋಗಾಲಯಕ್ಕೆ ಕರೆತಂದವನು ಚಕ್ರಣ್ಣನೇ. ಎರಡು ಹಸು, ಒಂದು ತುಂಡು ನೆಲ ನಂಬಿಕೊಂಡಿದ್ದ ಚಿಕ್ಕ ಅಳಿಯನಿಗೂ ಒಂದು ದಾರಿ ಮಾಡೆಂದು ಅತ್ತೆ ಜೀವ ತಿಂದಿದ್ದಳು. ಮೊದಲ ದಿನ ಓಟದ ಕೋಣೆಗೆ ಕರೆದೊಯ್ದು, ಒಂದು ಇಲಿಯನ್ನು ಅಂಗೈಯಲ್ಲಿ ಅಂಗಾತ ಹಿಡಿದು ತೋರಿಸಿದ್ದ.

"ಇಲ್ಲಿ ಬೆರಳಿಟ್ಟು ನೋಡು. ಅಂಗಾಲು ಒರಟಾಗಿಲ್ವಾ? ಬರಿಗಾಲಲ್ಲಿ ನೇಗಿಲ ಹಿಂದೆ ನಡೆದೋರ ಪಾದ ಇದ್ದ ಹಾಗೆ. ಇದು ಓಡೋ ಇಲಿ. ಈಗ ಚಕ್ರ ಇಲ್ಲದ ಪಂಜರದ್ದು ಮುಟ್ಟು. ಸಾಹುಕಾರರ ಕಾಲು!"

"ನಿಮ್ಮದು ಯಾವ ಕಾಲು ಅಣ್ಣ?"

"ನಂದು ಓಡಿ ಓಡಿ ಸವೆದದ್ದು ಕಣಯ್ಯ."

ಹೆಪ್ಪಣ್ಣನಿಗೆ ಕುಳಿತು ಮಾಡುವ ಕೆಲಸ ಸಿಕ್ಕಿತು. ಬೆಚ್ಚನೆಯ ನೀರಿನ ತೊಟ್ಟಿಯಿಂದ ಗಾಜಿನ ನಳಿಕೆ ಎತ್ತಿ, ಮೂರು ಬೆರಳಲ್ಲಿ ಮೆಲ್ಲಗೆ ವಾಲಿಸಿ, ರಕ್ತ ಹರಿಯುತ್ತದೋ ನಿಂತಿತೋ ನೋಡುವುದು. ಹರಿದರೆ ಮತ್ತೆ ನೀರಿಗೆ, ನಿಂತರೆ ಗಡಿಯಾರ ಒತ್ತುವುದು. ವರ್ಷ ಕಳೆಯುವುದರೊಳಗೆ ಅವನ ಬೆರಳು ಗಡಿಯಾರಕ್ಕೇ ಬುದ್ಧಿ ಹೇಳುವಂತಾಗಿತ್ತು.

ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಚಕ್ರಣ್ಣ ಅವನನ್ನು ಕೆಣಕಿದ. "ಇವತ್ತು ಬೇಗ ಹೆಪ್ಪುಗಟ್ಟಿದ್ದು ಯಾವ್ಯಾವ ಇಲಿ ರಕ್ತ, ನಾನು ಹೇಳ್ಲಾ? ಮೂರು, ಏಳು, ಒಂಬತ್ತು. ರಾತ್ರಿಯೆಲ್ಲ ಚಕ್ರ ಬಿಟ್ಟಿಳಿಯದೆ ಓಡಿದ್ದು ಅವೇ."

ಹೆಪ್ಪಣ್ಣ ಲೋಟ ಕೆಳಗಿಟ್ಟ. ಮೂರು ತಿಂಗಳು ಸುಮ್ಮನೆ ತಾಳೆ ನೋಡಿ, ಆಮೇಲೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂಗೆ ಹೇಳಿದ. ಓಡುವ ಇಲಿ ದಾರಿಯನ್ನು ಬೇಗ ಕಲಿಯುತ್ತದೆ, ಅದರ ಮಿದುಳು ಚಿಗುರುತ್ತದೆ ಎಂದು ಮೇಡಂ ಮೊದಲೇ ಕಂಡಿದ್ದರು. ಕಾಲು ಓಡಿದ ಸುದ್ದಿ ತಲೆಗೆ ಹೇಗೆ ಮುಟ್ಟುತ್ತದೆಂದು ತಿಳಿಯದೆ ಕುಳಿತಿದ್ದರು. ಗಾಯ ಮುಚ್ಚುವ ರಕ್ತದ ಕಣಗಳೇ ಓಲೆಕಾರರಾಗಿರಬಹುದೆ ಎಂದು ಅಲ್ಲಿಂದ ಹುಡುಕತೊಡಗಿದರು. ಎರಡು ವರ್ಷಕ್ಕೆ ದೊಡ್ಡ ಪತ್ರಿಕೆಯಲ್ಲಿ ಲೇಖನ ಬಂತು. ಕೊನೆಯಲ್ಲಿ ಒಂದೇ ಸಾಲು: ಚುರುಕು ಕಣ್ಣಿನ ಸಹಾಯಕನಿಗೆ ಕೃತಜ್ಞತೆ. ಹೆಸರು ಹೆಪ್ಪಣ್ಣನದು.

ಚಕ್ರಣ್ಣ ಅದನ್ನು ಮಗಳ ಕೈಯಲ್ಲಿ ಓದಿಸಿದ.

"ಇಷ್ಟೇ ಏನಮ್ಮ? ಅದರ ಕೆಳಗೆ ಏನಿದೆ?"

"ಕೆಳಗೆ ಪುಟದ ನಂಬರಪ್ಪ."

"ನಿಮ್ಮ ಮಾತೇ ಅಂತ ಹೇಳಿದ್ದೆ ಅಣ್ಣ, ಬರೆಯೋರು ಬಿಟ್ಟುಬಿಟ್ರು," ಎಂದು ಹೆಪ್ಪಣ್ಣ ಎರಡು ಸಲ ಹೇಳಿದ. ಚಕ್ರಣ್ಣ ನಕ್ಕು ತಲೆಯಾಡಿಸಿದ. ಒಳಗೆ ಮಾತ್ರ ಹಸಿ ಸೌದೆಗೆ ಬೆಂಕಿ ಬಿದ್ದಿತ್ತು. ಉರಿಯಲೂ ಇಲ್ಲ, ಆರಲೂ ಇಲ್ಲ.

ಆ ಹೊಗೆಯಲ್ಲಿ ವರ್ಷಗಳೇ ಕಳೆದವು. ಒಮ್ಮೆ ಬೇರೆ ಕಡೆಯ ದೊಡ್ಡವರು ಐದಾರು ಮಂದಿ ಪ್ರಯೋಗಾಲಯ ನೋಡಲು ಬರುವರೆಂದಾಯಿತು. ಅವರೆದುರು ಹೆಪ್ಪಣ್ಣ ಕೈಯಾರೆ ಅಳೆದು ತೋರಿಸಬೇಕು. "ನಮ್ಮಲ್ಲಿ ಯಂತ್ರ ಇಲ್ಲ, ಈ ಕೈ ಇದೆ," ಎಂದು ಮೇಡಂ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಓಡಿದ ಆರು ಇಲಿಗಳ ಪೆಟ್ಟಿಗೆಗೆ ಕೆಂಪು ಚೀಟಿ, ಓಡದ ಆರಕ್ಕೆ ನೀಲಿ. ಬೆಳಿಗ್ಗೆ ಇಲಿಗಳನ್ನು ಪೆಟ್ಟಿಗೆಗೆ ತುಂಬುವಾಗ ಚಕ್ರಣ್ಣ ಒಬ್ಬನೇ ಇದ್ದ. ಕೆಂಪಿನ ಜಾಗಕ್ಕೆ ನೀಲಿ ಸಿಕ್ಕಿಸಿದ, ನೀಲಿಯ ಜಾಗಕ್ಕೆ ಕೆಂಪು. ಒಂದು ನಿಮಿಷವೂ ಹಿಡಿಯಲಿಲ್ಲ.

ಹೆಪ್ಪಣ್ಣ ಒಂದೊಂದೇ ಇಲಿಯನ್ನು ಅಂಗೈಗೆ ತೆಗೆದುಕೊಂಡು, ಬಾಲದಿಂದ ರಕ್ತ ತೆಗೆದು, ನಳಿಕೆ ವಾಲಿಸಿದ. ಎಲ್ಲ ಉಲ್ಟಾ ಬಂತು. ಬಂದವರು ಮುಖ ಮುಖ ನೋಡಿಕೊಂಡರು. ಮೇಡಂ ಬಿಳಚಿಕೊಂಡರು. ಹೆಪ್ಪಣ್ಣ ಬಾಗಿಲ ಬಳಿ ನಿಂತಿದ್ದ ಷಡ್ಡಕನ ಕಡೆ ಒಮ್ಮೆ ನೋಡಿ, ಕನ್ನಡಕ ತೆಗೆದ.

"ನನ್ನ ಕಣ್ಣು ಮಂಜಾಗಿದೆ ಮೇಡಂ. ಕೈಯೂ ಮೊದಲಿನ ಹಾಗಿಲ್ಲ. ಯಂತ್ರ ತರಿಸಿಬಿಡಿ."

ಯಂತ್ರ ಬಂತು. ಅಂಕಿ ಮೊದಲಿನಂತೆಯೇ ಸರಿಹೋದವು. ಕೈಯದೇ ತಪ್ಪು ಎಂದಾಯಿತು. ಹೆಪ್ಪಣ್ಣನ ಸ್ಟೂಲು ಹೋಯಿತು. ತೊಟ್ಟಿಯ ಮುಂದೆ ನಿಂತು ಗಾಜು ತೊಳೆಯುವ ಕೆಲಸ ಬಂತು.

*

ಊರ ಹೊರಗಿನ ಮೈದಾನದಲ್ಲಿ ಗುಂಡಿ ತೋಡಿಯಾಗಿತ್ತು. ಪೆಟ್ಟಿಗೆ ಇಳಿಸಿದ ಮೇಲೆ ಮೇಡಂ ಮುಂದೆ ಬಂದರು. ತಲೆ ಪೂರ್ತಿ ನರೆತಿತ್ತು, ದನಿ ಮಾತ್ರ ಪಾಠ ಹೇಳುವವರದು.

"ಹತ್ತೊಂಬತ್ತು ವರ್ಷ ಈ ಕೈಯನ್ನು ನಂಬಿ ನಾನು ಕೆಲಸ ಮಾಡಿದೆ. ಅದು ತಪ್ಪಿದ್ದು ಒಂದೇ ಒಂದು ಸಲ. ಅದನ್ನೂ ಅವರೇ ಒಪ್ಪಿಕೊಂಡರು. ಅಂಥ ಪ್ರಾಮಾಣಿಕರು."

ಜನ ಹೌದೌದೆಂದು ತಲೆದೂಗಿದರು. ನಾದಿನಿ ತಲೆದೂಗಲಿಲ್ಲ. ಗುಂಡಿಯ ಆಚೆ ಬದಿಯಿಂದ ಅವಳು ಚಕ್ರಣ್ಣನನ್ನು ನೋಡಿದಳು. ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಎಸೆಯಬೇಕೆನ್ನುವುದು ಮರೆತು ಹಾಗೆಯೇ ನಿಂತ.

"ಹಾಕ್ರೀ, ಹಿಂದೆ ಜನ ಕಾಯ್ತಿದ್ದಾರೆ," ಎಂದಳು ಹೆಂಡತಿ.

ಮನೆಗೆ ಬಂದ ಮೇಲೆ ನಾದಿನಿ ಅವನನ್ನು ಅಡುಗೆಮನೆಗೆ ಕರೆದಳು. ಕೈಗೆ ನೀರಿನ ಲೋಟ ಕೊಟ್ಟು, ಬಾಗಿಲು ಅರ್ಧ ಮುಂದಕ್ಕೆಳೆದಳು.

"ಭಾವ, ಆ ದೊಡ್ಡೋರು ಬಂದಿದ್ದ ದಿನ ಇವರು ಊಟ ಬಿಟ್ಟು ಕೂತಿದ್ರು. ಕೆಂಪು ಚೀಟಿ ಇಲಿ ಕೈಗೆ ಬಂದ ತಕ್ಷಣ ಗೊತ್ತಾಯ್ತಂತೆ. ಅಂಗಾಲು ಮೆತ್ತಗಿತ್ತಂತೆ."

ಚಕ್ರಣ್ಣ ಲೋಟ ಎತ್ತಲಿಲ್ಲ.

"ಹಾಗಾದ್ರೆ ಅಲ್ಲೇ ಹೇಳ್ಬೇಕಿತ್ತು ಅಂತ ಜಗಳ ಆಡ್ದೆ. 'ಹೇಳಿದ್ರೆ ಅಣ್ಣನ ಕೆಲಸ ಹೋಗುತ್ತೆ, ಮಗಳ ಓದು ನಿಲ್ಲುತ್ತೆ. ನಮಗೇನು, ಮಕ್ಕಳಾ ಮರಿಯಾ' ಅಂದ್ರು. ಅಕ್ಕನ ಕಿವಿಗೂ ಹಾಕಬೇಡ ಅಂತ ಆಣೆ ಇಡಿಸ್ಕೊಂಡ್ರು."

"ಹನ್ನೊಂದು ವರ್ಷ..." ಎಂದ ಅವನು.

"ಹ್ಞೂ. ನಿಮ್ಮನೇಲಿ ಉಂಡೆ, ನಿಮ್ಮ ಮಗಳ ಮದುವೇಲಿ ಓಡಾಡಿದೆ, ಬಾಯಿ ಬಿಡಲಿಲ್ಲ. ಆದ್ರೆ ಮಣ್ಣು ಹಾಕೋ ಹೊತ್ತಲ್ಲೂ ಮೇಡಂ ಆ ಕೈ ತಪ್ಪಿತು ಅಂದ್ರಲ್ಲ, ಅದು ತಡೀಲಿಲ್ಲ ಭಾವ. ಕೈ ಸರಿಯಾಗೇ ಇತ್ತು ಅಂತ ಒಂದು ಮಾತು ಅವರಿಗೆ ಹೇಳಿಬಿಡಿ. ಬೇರೇನೂ ಬೇಡ ನನಗೆ."

ಮೊದಲು ಬಂದದ್ದು ನಾಚಿಕೆಯಲ್ಲ. ಅದೇ ಹಳೆಯ ಹೊಗೆ. ಎಲ್ಲ ತಿಳಿದೂ ಅವನು ತನ್ನನ್ನು ಉಳಿಸಿದ್ದ, ಹಬೆಯಾಡುವ ತೊಟ್ಟಿಯ ಮುಂದೆ ನಿಂತು ದಿನಾ "ಚಹಾಕ್ಕೆ ಬರ್ತೀರಾ ಅಣ್ಣ?" ಎಂದು ಕೇಳಿದ್ದ. ಇದರಲ್ಲೂ ಅವನೇ ಮುಂದೆ. ಈಗ ಬಾಯಿ ಬಿಟ್ಟರೆ ಸತ್ತವನು ಇನ್ನೊಂದು ಮೆಟ್ಟಿಲು ಮೇಲಕ್ಕೆ ಹೋಗುತ್ತಾನೆ, ಬದುಕಿರುವವನು ಪಾತಾಳಕ್ಕೆ. ಆಮೇಲೆ ಆ ಸ್ಟೂಲು ನೆನಪಾಯಿತು. ಕೂರುವ ಕೆಲಸದಿಂದ ನಿಲ್ಲುವ ಕೆಲಸಕ್ಕೆ ಅವನನ್ನು ಎಬ್ಬಿಸಿದವರು ಯಾರು? ಕಾಲಲ್ಲಿ ರಕ್ತ ಹೆಪ್ಪುಗಟ್ಟಿತಂತೆ. ಅವನು ಲೋಟ ಕೆಳಗಿಟ್ಟು ಹೊರಗೆ ಬಂದ.

*

ಸಾವಾದ ದಿನವೂ ಇಲಿಗಳಿಗೆ ಹಸಿವಾಗುತ್ತದೆ. ಇಲಿಗಳನ್ನು ಹೆದರಿಸದೆ ಹಿಡಿಯುವವರು ಬೇರೆ ಸಿಗದೆ, ನಿವೃತ್ತಿಯಾದ ಮೇಲೂ ಚಕ್ರಣ್ಣನನ್ನೇ ಉಳಿಸಿಕೊಂಡಿದ್ದರು. ಸಂಜೆ ಮೇಡಂ ತಮ್ಮ ಕಾರಿನಲ್ಲೇ ಅವನನ್ನು ಕರೆದುಕೊಂಡು ಹೋದರು.

ಅವನು ಕಾಳು ಹಾಕಿ, ನೀರು ಬದಲಿಸಿದ. ಬಟ್ಟೆಯ ಅಂಚಿನಲ್ಲಿ ಗುಂಡಿಯ ಮಣ್ಣು ಇನ್ನೂ ಇತ್ತು. ಮೇಡಂ ಬಾಗಿಲಲ್ಲಿ ಕಾಯುತ್ತಿದ್ದರು.

"ಮೇಡಂ, ಒಳಗೆ ಬನ್ನಿ. ಕೈ ಕೊಡಿ."

ಕೆಂಪು ಚೀಟಿಯ ಪಂಜರದಿಂದ ಒಂದು ಇಲಿ ತೆಗೆದು ಅವರ ಎಡ ಅಂಗೈಯಲ್ಲಿ ಅಂಗಾತ ಹಿಡಿಸಿದ. "ಅಂಗಾಲು ಮುಟ್ಟಿ ನೋಡಿ. ಒರಟು. ಇದು ಓಡಿದ್ದು." ಅದನ್ನು ಒಳಗೆ ಬಿಟ್ಟು, ನೀಲಿ ಚೀಟಿಯದನ್ನು ತೆಗೆದುಕೊಟ್ಟ. "ಈಗ ಇದು."

"ಅರೆ! ಮೆತ್ತಗಿದೆ," ಎಂದರು ಮೇಡಂ. ಆ ದಿನದಲ್ಲಿ ಮೊದಲ ಸಲ ಅವರ ಮುಖ ಸಡಿಲಾಯಿತು. "ಇಷ್ಟು ವರ್ಷ ಇದ್ದೂ ನನಗೆ ತಿಳಿದೇ ಇರಲಿಲ್ಲ ನೋಡಿ."

"ಅವನಿಗೆ ತಿಳಿದಿತ್ತು," ಎಂದ ಚಕ್ರಣ್ಣ. ಸ್ವಲ್ಪ ತಡೆದು, ತಡೆಯಲಾರದೆ ಸೇರಿಸಿದ: "ಹೇಳಿಕೊಟ್ಟಿದ್ದು ನಾನೇ."

"ಯಾವಾಗ?"

ಅವನು ಪಂಜರದ ಮುಂದಿನಿಂದ ಕೆಂಪು ಚೀಟಿ ಎಳೆದ. ಪಕ್ಕದ ಪಂಜರದಿಂದ ನೀಲಿ ಎಳೆದ. ಮೇಡಂ ನೋಡುತ್ತಿದ್ದಂತೆ, ಕೆಂಪಿನ ಜಾಗಕ್ಕೆ ನೀಲಿ ಸಿಕ್ಕಿಸಿದ, ನೀಲಿಯ ಜಾಗಕ್ಕೆ ಕೆಂಪು. ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಹಿಂದೆ ಸರಿದು, ದೊಡ್ಡವರು ಬಂದ ದಿನ ನಿಂತಿದ್ದ ಹಾಗೆಯೇ ಬಾಗಿಲ ಪಕ್ಕ ಗೋಡೆಗೊರಗಿ ನಿಂತ.

ಮೇಡಂ ಕೆಂಪು ಚೀಟಿಯನ್ನು ನೋಡಿದರು, ಅಂಗೈಯಲ್ಲಿದ್ದ ಇಲಿಯನ್ನು ನೋಡಿದರು. ಅದರ ಅಂಗಾಲಿನ ಮೇಲಿದ್ದ ಅವರ ಹೆಬ್ಬೆರಳು ನಿಂತುಹೋಯಿತು. ಹೊತ್ತಾಯಿತೆಂದು ಕೋಣೆಯ ದೀಪ ತಾನಾಗಿ ಆರಿತು, ಕತ್ತಲಲ್ಲಿ ಒಂದು ಚಕ್ರ ಕಿರುಗುಟ್ಟಿ ತಿರುಗತೊಡಗಿತು.