ಎರಡು ಗುಂಡಿ ಇಟ್ಟು ನೋಡಿ

ಆಸ್ಪತ್ರೆಯ ರಕ್ತಪರೀಕ್ಷೆಗೆ ಪ್ರೋಗ್ರಾಮರುಗಳು ಸಾಫ್ಟ್‌ವೇರ್ ಬರೆಯುವ ಮೊದಲು ಅತ್ತಿಗೆ ಅದರ ನಡೆಯನ್ನು ಪೆಟ್ರಿ ಜಾಲವೆಂಬ ನಕ್ಷೆಯಾಗಿ ಚಿತ್ರಿಸುತ್ತಿದ್ದಳು. ಸ್ಥಿತಿಗೊಂದು ವೃತ್ತ, ಕೆಲಸಕ್ಕೊಂದು ಅಡ್ಡಗೆರೆ. ಪ್ರತಿ ಹೊಸ ಹಾಳೆಯಲ್ಲಿ ಹಿಂದಿನ ಹಾಳೆಯ ಒಂದು ದೊಡ್ಡ ಕೆಲಸವನ್ನು ಒಡೆದು ಸಣ್ಣ ಕೆಲಸಗಳಾಗಿ ಬರೆಯುವಳು. ರಕ್ತದ ಸ್ಯಾಂಪಲ್ ಬದಲಿಗೆ ಅಂಗಿಯ ಗುಂಡಿಯೊಂದನ್ನು ವೃತ್ತದಿಂದ ವೃತ್ತಕ್ಕೆ ಸರಿಸಿ ಪರೀಕ್ಷಿಸುವುದು ನಾದಿನಿಯ ಪಾಲಿನ ಕೆಲಸ.

ನಾಲ್ಕನೆಯ ಹಾಳೆ ಆ ಸಂಜೆಯೇ ಪ್ರೋಗ್ರಾಮರುಗಳ ಕೈಸೇರಬೇಕಿತ್ತು.

"ಎರಡು ಗುಂಡಿ ಇಟ್ಟರೆ ಸಿಕ್ಕಿಹಾಕಿಕೊಳ್ಳುತ್ತೆ ಅತ್ತಿಗೆ," ಎಂದು ನಾದಿನಿ ಮೂರನೆಯ ಸಲ ಹೇಳಿದಳು.

"ಒಂದು ದಾಟಿತಲ್ಲ, ಸಾಕು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಂಗೆ ಪಾಠ ಹೇಳ್ಬೇಡ."

ನಾದಿನಿಗೆ ಮೈಯೆಲ್ಲ ಉರಿದುಹೋಯಿತು. ಹಾಳೆಯನ್ನು ಅತ್ತಿಗೆಯ ಮುಂದೆಳೆದು ಎರಡು ಗುಂಡಿ ಇಟ್ಟಳು.

"ಇರೋದು ಒಂದೇ ಯಂತ್ರ, ಒಂದೇ ಟ್ರೇ. ಇದು ತುರ್ತು ಸ್ಯಾಂಪಲ್, ಯಂತ್ರ ಹಿಡ್ಕೊಂಡು ಟ್ರೇಗೆ ಕಾಯ್ತಿದೆ. ಇದು ಮಾಮೂಲಿ, ಟ್ರೇ ಹಿಡ್ಕೊಂಡು ಯಂತ್ರಕ್ಕೆ ಕಾಯ್ತಿದೆ. ಯಾವುದನ್ನ ಸರಿಸ್ತೀರೋ ಸರಿಸಿ, ನೋಡೋಣ."

ಅತ್ತಿಗೆಯ ಬೆರಳು ಎರಡರ ಮೇಲೂ ಸುಳಿದು ನಿಂತಿತು. ಮೂರನೆಯ ಹಾಳೆಯಲ್ಲಿ ಟ್ರೇ, ಯಂತ್ರ ಎರಡನ್ನೂ ಒಂದೇ ಕೆಲಸ ಒಟ್ಟಿಗೆ ಹಿಡಿಯುತ್ತಿತ್ತು. ನಾಲ್ಕನೆಯದರಲ್ಲಿ ಅದನ್ನು ಎರಡಾಗಿ ಒಡೆದವಳು ತಾನೇ.

"ಇಷ್ಟು ಹೊತ್ತು ಬಾಯಲ್ಲಿ ಏನಿಟ್ಕೊಂಡಿದ್ದೆ?" ಎಂದು ರೇಗಿದಳು.

"ಹೇಳ್ತಾನೇ ಇದ್ದೀನಲ್ಲ!"

ಅತ್ತಿಗೆ ಪ್ರೋಗ್ರಾಮರುಗಳಿಗೆ ಫೋನ್ ಮಾಡಿದಳು. "ನಾಲ್ಕನೇ ಹಾಳೆ ಇವತ್ತು ಬರೋಲ್ಲ. ತಪ್ಪಿದೆ." ಆಚೆಯಿಂದ ಏನೋ ಕೇಳಿದರು. "ಯಾರು ಹಿಡಿದ್ರು ಅಂದ್ರೆ? ನಾನೇ ಹಿಡಿದೆ," ಎಂದಳು.

ನಾದಿನಿ ಹಲ್ಲು ಕಚ್ಚಿಕೊಂಡು ಮೂರನೆಯ ಹಾಳೆಯನ್ನು ಹುಡುಕತೊಡಗಿದಳು.