ಪಂಚರ್ ಆಗದ ಟಯರು

"ಎಷ್ಟು ಜನ ಹೋಗ್ತೀರಿ?" ಎಂದು ಸೈಕಲಮ್ಮ ಕೇಳಿದಳು.

ಗುಡ್ಡದ ಕಲ್ಲುದಾರಿಗೆ ಟಯರು ಬೇಕೆಂದು ಬಂದವನಿಗೆ ಈ ಪ್ರಶ್ನೆ ವಿಚಿತ್ರವೆನಿಸಿತು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಬೆರಳಿಗೆ ತಿಳಿಯುತ್ತದೆ. ಟಯರಿನ ಪಕ್ಕವನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದವನು ತಲೆಯೆತ್ತಿದ.

"ಟಯರಿಗೂ ಜನಕ್ಕೂ ಏನ್ ಸಂಬಂಧ?"

ಸೈಕಲಮ್ಮ ಕೈಯ ಗ್ರೀಸನ್ನು ಚಿಂದಿಬಟ್ಟೆಗೆ ಒರೆಸಿಕೊಂಡಳು. ಇಪ್ಪತ್ತು ವರ್ಷದಿಂದ ಆ ಬೀದಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಅವಳ ನಿಜವಾದ ಹೆಸರು ಅವಳಿಗೇ ಮರೆತಿರಬೇಕು. "ಇದ್ರೊಳಗೆ ಟ್ಯೂಬ್ ಇರಲ್ಲ. ಹಾಲಿನಂಥ ಅಂಟು ಹಾಕ್ತೀವಿ. ಮುಳ್ಳು ಚುಚ್ಚಿದ್ರೆ ಅದೇ ಮುಚ್ಕೊಳ್ಳುತ್ತೆ. ಆದ್ರೆ ಚೂಪು ಕಲ್ಲು ಪಕ್ಕಾನೇ ಸೀಳ್ತು ಅನ್ನಿ, ಯಾವ ಅಂಟೂ ನಿಲ್ಲಲ್ಲ. ಇಬ್ರು ಹೋಗೋದಾದ್ರೆ ಈ ತೆಳೂದು ಸಾಕು, ಹಗುರ. ಹರಿದ್ರೆ ಇನ್ನೊಬ್ರು ಇರ್ತಾರೆ. ಒಬ್ರೇ ಅಂದ್ರೆ ಇದು." ದಪ್ಪ ಟಯರನ್ನು ತಟ್ಟಿದಳು. "ಎಮ್ಮೆ ಭಾರ. ಏರು ಹತ್ತೋವಾಗ ನನ್ನ ಬೈಕೋತೀರಿ. ಆದ್ರೆ ಮನೆ ಸೇರಿಸುತ್ತೆ."

ಅವನು ಎರಡೂ ಟಯರನ್ನು ಒಂದೊಂದೇ ಎತ್ತಿ ಭಾರ ನೋಡಿದ.

ಹನ್ನೊಂದು ವರ್ಷ, ಪ್ರತಿ ಭಾನುವಾರ, ಅವನು ಆ ಗುಡ್ಡ ಹತ್ತಿದ್ದು ಭಾವಮೈದನ ಜೊತೆ, ಅಂದರೆ ಹೆಂಡತಿಯ ತಮ್ಮನ ಜೊತೆ. ಎಂಟು ತಿಂಗಳ ಹಿಂದೆ ಹೆಂಡತಿ ತನ್ನ ಬಟ್ಟೆಬರೆ ಕಟ್ಟಿಕೊಂಡು ತಮ್ಮನ ಮನೆ ಸೇರಿದಳು. ಗಂಡ ಹೆಂಡತಿ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ಇವರಿಗೆ ಕೂಸಿರಲಿಲ್ಲ, ಬಡವಾದದ್ದು ಭಾನುವಾರ. "ಇನ್ಮೇಲೆ ಅವರ ಜೊತೆ ಹೋಗ್ಬೇಡ" ಎಂದು ಅಕ್ಕ ಹೇಳಿದಳಂತೆ, ತಮ್ಮ ಹೂಂ ಅಂದನಂತೆ. ಹೆಂಡತಿ ಹೋದಾಗ ಅಂಗಡಿಯವರು, ಪಕ್ಕದ ಮನೆಯವರು, ಕೊನೆಗೆ ಹಲ್ಲಿನ ಡಾಕ್ಟರು ಕೂಡ ಸಮಾಧಾನ ಹೇಳಿದರು. ಭಾವಮೈದ ಹೋದದ್ದಕ್ಕೆ ಒಂದು ನರಪಿಳ್ಳೆಯೂ ಅಯ್ಯೋ ಅನ್ನಲಿಲ್ಲ. ಅಂಥದ್ದೊಂದು ನಷ್ಟವಿದೆ ಎಂಬುದೇ ಲೋಕಕ್ಕೆ ಗೊತ್ತಿಲ್ಲ. ಹೆಂಡತಿಯ ಜೊತೆ ಬದುಕಲಾಗದು ಎಂದು ಅವನಿಗೂ ಗೊತ್ತಿತ್ತು. ಆದರೆ ಭಾನುವಾರ ಬೆಳಿಗ್ಗೆ ಎದ್ದು ಹಾಸಿಗೆಯ ಅಂಚಿನಲ್ಲಿ ಕುಳಿತಾಗ ನೆನಪಾಗುತ್ತಿದ್ದವನು ಭಾವಮೈದ.

"ಒಬ್ನೇ," ಎಂದ. "ಆದ್ರೂ ತೆಳೂದೇ ಹಾಕಿ."

"ತಲೆ ನೆಟ್ಟಗಿದೆಯಾ? ಗುಡ್ಡದ ಆಚೆ ಹರಿದ್ರೆ ಏನ್ ಮಾಡ್ತೀರಿ?"

"ಫೋನ್ ಮಾಡ್ತೀನಿ."

ಅವಳು ಅವನ ಮುಖ ನೋಡಿದಳು. ಗಿರಾಕಿಯ ಹಟಕ್ಕೆ ಮದ್ದಿಲ್ಲ ಎನ್ನುವಂತೆ ತೆಳು ಟಯರನ್ನೇ ಚಕ್ರಕ್ಕೆ ಏರಿಸಿದಳು.

ಅವನ ಲೆಕ್ಕಾಚಾರ ಇಷ್ಟೇ. ಸುಮ್ಮನೆ ಫೋನ್ ಮಾಡಲು ಮುಖವಿಲ್ಲ, ಮಾಡಿದರೆ ಅಕ್ಕನ ಮಾತಿಗೆ ಕಟ್ಟುಬಿದ್ದವನು ಬರುವಂತಿಲ್ಲ. ಟಯರು ಹರಿದು ಗುಡ್ಡದಲ್ಲಿ ಸಿಕ್ಕಿಬಿದ್ದಿದ್ದೇನೆ ಅಂದರೆ ಬಂದೇ ಬರುತ್ತಾನೆ, ಭಾವಮೈದನೇನು ಕಲ್ಲುಮನಸ್ಸಿನವನಲ್ಲ.

ಭಾನುವಾರ ಬೆಳಗಾಗುತ್ತಲೇ ಹೊರಟ. ಸವೆದ ದಾರಿ ಬಿಟ್ಟು, ಹಲ್ಲು ಕಿರಿದುಕೊಂಡಿದ್ದ ಕಲ್ಲುಗಳ ಮೇಲೆಯೇ ಸೈಕಲ್ ಹತ್ತಿಸಿದ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಎರಡು ಸಲ ಚಕ್ರ ಬಂಡೆಗೆ ಬಡಿದು ಹಲ್ಲು ಕಟಕಟಿಸಿತು. ಒಂದು ಕಡೆ ಟಯರು ತೂತಾಗಿ ಬಿಳಿ ಅಂಟು ಚಿಮ್ಮಿತು. ಅವನು ಆಸೆಯಿಂದ ಇಳಿದು ನೋಡುವಷ್ಟರಲ್ಲಿ ಅದು ತಾನೇ ಮುಚ್ಚಿಕೊಂಡಿತ್ತು. ಕೆಟ್ಟ ಟಯರು ಸಿಗುವುದಕ್ಕೂ ಪುಣ್ಯ ಮಾಡಿರಬೇಕು. ಗುಡ್ಡದ ಆಚೆ, ಮುಚ್ಚಿದ ಕಲ್ಲುಗಣಿಯ ಗೇಟಿನ ಬಳಿ ಬಂದು ನಿಂತಾಗ ಎರಡೂ ಚಕ್ರ ಗಟ್ಟಿಮುಟ್ಟಾಗಿದ್ದವು. ಸುತ್ತ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಅವನಿಗೆ ಅಳು ಬಂತು, ತನ್ನ ಮೇಲೆ ಸಿಟ್ಟೂ ಬಂತು. ಕೊನೆಗೆ ಫೋನ್ ಮಾಡಿಯೇಬಿಟ್ಟ.

"ಏನಾಯ್ತು ಭಾವ? ಬಿದ್ರಾ?" ಒಂದೇ ರಿಂಗಿಗೆ ಎತ್ತಿದ್ದ ಭಾವಮೈದ.

"ಇಲ್ಲ."

"ಪಂಚರ್ರಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಭಾವಮೈದನಿಗೆ ಒಂದೂ ಸುಳ್ಳು ಹೇಳಿರಲಿಲ್ಲ. "ಇಲ್ಲ. ಗಾಳಿ ಸರಿಯಾಗಿದೆ."

"ಮತ್ತೆ?"

"ಮತ್ತೇನಿಲ್ಲ. ನಿನ್ ಹತ್ರ ಮಾತಾಡ್ಬೇಕು ಅನ್ನಿಸ್ತು."

ಆ ಕಡೆ ಸುರಿಯುತ್ತಿದ್ದ ನಲ್ಲಿಯ ಸದ್ದು ನಿಂತಿತು. "ಅಕ್ಕ ಇಲ್ಲೇ ಪಕ್ಕದ ರೂಮಲ್ಲಿದಾಳೆ," ಭಾವಮೈದನ ದನಿ ತಗ್ಗಿತು. "ಮಾತು ಕೊಟ್ಬಿಟ್ಟಿದೀನಿ ಭಾವ." ಆಮೇಲೆ ಇನ್ನೂ ಮೆಲ್ಲಗೆ, "ಪಂಚರ್ ಆಗಿದ್ರೆ ಬರಬಹುದಿತ್ತು," ಎಂದ.

ಅವನು ನೆಲಕ್ಕೆ ಮಂಡಿಯೂರಿದ. ಹಿಂದಿನ ಚಕ್ರದ ವಾಲ್ವಿನ ಮುಚ್ಚಳ ತಿರುಗಿಸಿ ತೆಗೆದು, ಒಳಗಿನ ಕಡ್ಡಿಯನ್ನು ಉಗುರಿನಿಂದ ಒತ್ತಿ, ಫೋನನ್ನು ಅದರ ಹತ್ತಿರ ಹಿಡಿದ. ಗಾಳಿ ಪೂರ್ತಿ ಹೋಗಿ ಚಕ್ರ ಕಲ್ಲಿಗೆ ತಾಗುವವರೆಗೂ ಭಾವಮೈದ ಫೋನ್ ಇಡಲಿಲ್ಲ.

"ಅಕ್ಕಾ," ಎಂದು ಅವನು ಆ ಕಡೆ ಗಟ್ಟಿಯಾಗಿ ಕೂಗಿದ್ದು ಕೇಳಿಸಿತು. "ಭಾವನ ಟಯರಲ್ಲಿ ಗಾಳಿ ಇಲ್ಲ. ಗುಡ್ಡದ ಆಚೆ ಒಬ್ರೇ ಇದಾರೆ."

ಪಕ್ಕದ ರೂಮಿನ ಬಾಗಿಲು ಕಿರುಗುಟ್ಟಿತು. ಆಮೇಲೆ ದೂರದಿಂದ, ಎಂಟು ತಿಂಗಳಿಂದ ಅವನು ಕೇಳದಿದ್ದ ದನಿ ಬಂತು.

"ಹೋಗು. ಕುಡಿಯೋಕೆ ನೀರು ತಗೊಂಡ್ಹೋಗು. ಅವರು ಯಾವತ್ತೂ ಮರ್ತಿರ್ತಾರೆ."

ಅವನು ನಿಜವಾಗಿಯೂ ಮರೆತಿದ್ದ.