ಏರಿನ ಕಡೆಗೆ ಚರಂಡಿ

ಕಣ್ಣನ್ನು ನಂಬಬೇಕೋ ಯಂತ್ರವನ್ನೋ ಎಂದು ತಿಳಿಯದೆ ಆ ಹುಡುಗಿ ಬೆಳಗ್ಗೆ ಒಂಬತ್ತರಿಂದ ರಸ್ತೆಯ ಬದಿಯಲ್ಲಿ ನಿಂತಿದ್ದಳು. ಎದುರಿಗೆ ರಸ್ತೆ ಏರುತ್ತಿತ್ತು. ಅದರಲ್ಲಿ ಅನುಮಾನವೇ ಇರಲಿಲ್ಲ. ಅವಳು ನೆಟ್ಟ ಮೊದಲನೆಯ ಗೂಟದಿಂದ ನೋಡಿದರೆ ಆ ತುದಿಯ ಚಹಾದಂಗಡಿ ಅಟ್ಟದ ಮೇಲಿಟ್ಟ ಡಬ್ಬಿಯಂತೆ ಕಾಣುತ್ತಿತ್ತು. ಆದರೆ ನೆಲದ ಏರುತಗ್ಗು ಅಳೆಯುವ ಲೆವೆಲ್ ಯಂತ್ರಕ್ಕೆ ಕಣ್ಣಿಟ್ಟರೆ, ಅಂಗಡಿಯ ಬುಡವೇ ಮೂರು ಗೇಣು ತಗ್ಗು.

"ಮಾವಾ, ಕೋಲು ನೆಟ್ಟಗೆ ಹಿಡಿದಿದ್ದೀಯಾ?"

"ನಿನಗೆ ಹಲ್ಲು ಬರೋಕೆ ಮುಂಚಿನಿಂದ ಕೋಲು ಹಿಡೀತಿದ್ದೀನಿ ಕಣೇ. ನೀನು ನೆಟ್ಟಗೆ ನೋಡು!" ಅಂಗಡಿಯ ಮುಂದೆ ಅಳತೆಕೋಲು ಹಿಡಿದು ನಿಂತಿದ್ದ ಸೋದರಮಾವ ಕೂಗಿದ.

ಕೋಲಿನಲ್ಲಿ ಕಾಣುವ ಅಂಕಿ ದೊಡ್ಡದಾದಷ್ಟೂ ನೆಲ ತಗ್ಗು. ಇದು ಮೊದಲ ದಿನದ ಪಾಠ. ಅಂಕಿ ದೊಡ್ಡದಾಗಿಯೇ ಇತ್ತು.

ಬೆಳಗ್ಗೆ ಜೀಪಿನಿಂದ ಇಳಿಸುವಾಗ ಯಂತ್ರದ ಪೆಟ್ಟಿಗೆ ಅವಳ ಕೈಜಾರಿ ಬಿದ್ದಿತ್ತು. ಮಾವ ನೋಡಿರಲಿಲ್ಲ, ಅವಳೂ ಬಾಯಿ ಬಿಟ್ಟಿರಲಿಲ್ಲ. ಕೆಲಸಕ್ಕೆ ಸೇರಿ ಇಪ್ಪತ್ತೇ ದಿನ. ಅದೂ ಮಾವ ಸಾಹೇಬರ ಮುಂದೆ ನಿಂತು, "ನನ್ನಕ್ಕನ ಮಗಳು, ಕಣ್ಣುಮುಚ್ಚಿ ನಂಬಬಹುದು" ಎಂದು ಹೇಳಿ ಕೊಡಿಸಿದ ಕೆಲಸ. ಯಂತ್ರ ಕೆಟ್ಟಿದ್ದರೆ ಕೆಲಸದ ಜೊತೆಗೆ ಮಾವನ ಮಾತೂ ಮಣ್ಣುಪಾಲು. ಕೆಟ್ಟಿಲ್ಲದಿದ್ದರೆ ಇನ್ನೂ ಕಷ್ಟ. ಚರಂಡಿಯನ್ನು ಏರಿನ ಕಡೆಗೆ ತೋಡಿ ಎಂದು ಹೇಳಬೇಕು.

ಆಳುಗಳನ್ನು ನೆರಳಿಗೆ ಕೂರಿಸಿ ಮೇಸ್ತ್ರಿ ಬಂದ. "ನೀರು ಎತ್ತ ಕಡೆ ಹರಿಸೋದು ಮೇಡಂ? ಗುದ್ದಲಿ ತುಕ್ಕು ಹಿಡೀತಿದೆ."

"ಆ ಕಡೆಗೆ... ಅನ್ಸುತ್ತೆ."

ಮೇಸ್ತ್ರಿ ಅಂಗಡಿಯತ್ತ ನೋಡಿದ. ಆಮೇಲೆ ಅವಳತ್ತ ನೋಡಿದ. "ಏರಿಗಾ? ನೀರಿಗೆ ಏಣಿ ಹಾಕಿ ಕೊಡ್ತೀರಾ?"

ಆಳುಗಳು ಕಿಸಕ್ಕೆಂದರು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಅವರಲ್ಲಿ ಯಾರೋ ಗೊಣಗಿದ್ದು ಅವಳಿಗೆ ಕೇಳಿಸಲೆಂದೇ ಇತ್ತು.

ಅಷ್ಟರಲ್ಲಿ ನೀಲಿ ಕಾರೊಂದು ಗೂಟದ ಹತ್ತಿರ ಬಂದು ನಿಂತಿತು. ಎಂಜಿನ್ ಸದ್ದು ನಿಂತಿತು. ಒಳಗಿದ್ದ ಗಂಡ ಹೆಂಡತಿ ಎರಡೂ ಕೈ ಮೇಲೆತ್ತಿ ಕೂತರು. ಕಾರು ಒಂದು ಗಳಿಗೆ ಯೋಚಿಸಿದಂತೆ ಸುಮ್ಮನಿದ್ದು, ಆಮೇಲೆ ತಾನಾಗಿಯೇ ಮೆಲ್ಲಗೆ ಏರು ಹತ್ತತೊಡಗಿತು! ಹೆಂಡತಿ ಕಿಟಾರನೆ ಕಿರುಚಿ ನಕ್ಕಳು.

ಹುಡುಗಿಗೆ ನಗು ಬರಲಿಲ್ಲ. ಊರಿನವರ ಮೇಲೆ ಮುನಿಸಿಕೊಂಡ ಕೆರೆಯೊಂದು ರಾತ್ರೋರಾತ್ರಿ ಹಾಸಿಗೆ ಸುತ್ತಿಕೊಂಡು ಗುಡ್ಡ ಹತ್ತಿ ಹೋಯಿತೆಂದು ಅಜ್ಜಿ ಹೇಳುತ್ತಿದ್ದಳು. ಆಗ ನಂಬಿದ್ದಳು. ಈಗ ಸಂಬಳ ಕೊಡುವವರು ನಂಬಬೇಡ ಎನ್ನುತ್ತಾರೆ.

ಅವಳು ಕಾರಿನ ಹಿಂದೆಯೇ ಅಂಗಡಿಗೆ ಓಡಿದಳು.

"ದಿನಾ ಬರ್ತಾರಮ್ಮ" ಎಂದಳು ಅಂಗಡಿಯ ಅಕ್ಕ, ಲೋಟ ತೊಳೆಯುತ್ತ. "ನಮ್ಮತ್ತೆ ಕಾಲದಿಂದ್ಲೂ. ಗಾಡಿ ತಾನೇ ಹತ್ತುತ್ತೆ, ಬಂದೋರು ಚಹಾ ಕುಡೀತಾರೆ."

"ಆದ್ರೆ ಯಾಕಕ್ಕಾ ಹತ್ತುತ್ತೆ?"

"ಅದು ಗೊತ್ತಿದ್ರೆ ಯಾರು ನೋಡೋಕೆ ಬರ್ತಿದ್ರು? ಮಳೆ ಬಂದ್ರೆ ನೀರೂ ಹತ್ತಿ ಬರುತ್ತೆ. ಅದು ಮಾತ್ರ ಚಹಾ ಕುಡಿಯಲ್ಲ, ಒಲೆ ಆರಿಸಿ ಕೂರುತ್ತೆ." ಅಕ್ಕ ಗೋಡೆ ತೋರಿಸಿದಳು. ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ.

ಹುಡುಗಿ ಆ ಗೆರೆಯನ್ನೇ ನೋಡಿದಳು. ನೀರು ಗುಡ್ಡ ಹತ್ತಿ ಬಂತೋ, ಈ ಜಾಗವೇ ತಗ್ಗೋ? ಇನ್ನು ತಡೆದುಕೊಳ್ಳಲು ಆಗಲಿಲ್ಲ.

"ಮಾವ, ಬೆಳಗ್ಗೆ ಯಂತ್ರ ಬೀಳಿಸಿದೆ."

ಮಾವ ಕೋಲನ್ನು ಗೋಡೆಗೆ ಒರಗಿಸಿದ. "ಹೇಳೋಕೆ ಇಷ್ಟು ಹೊತ್ತು ಬೇಕಾಯ್ತಾ?"

"ನಿನ್ನ ಮಾತು ಹೋಗುತ್ತೆ ಅಂತ..."

"ನನ್ನ ಮಾತಿಗೆ ಬೆಂಕಿ ಬೀಳ್ಲಿ. ನಡಿ, ಪರೀಕ್ಷೆ ಮಾಡೋಣ."

ಯಂತ್ರವನ್ನು ಎರಡು ಗೂಟಗಳ ನಟ್ಟನಡುವೆ ಇಟ್ಟು ಅಳೆದರೆ, ಅದು ಕೆಟ್ಟಿದ್ದರೂ ಎರಡೂ ಕಡೆಗೆ ಒಂದೇ ತಪ್ಪು, ಹಾಗಾಗಿ ವ್ಯತ್ಯಾಸ ಸರಿಯಾಗಿಯೇ ಬರುತ್ತದೆ. ಆಮೇಲೆ ಒಂದು ಗೂಟದ ಪಕ್ಕಕ್ಕೆ ತಂದು ಅಳೆಯಬೇಕು. ಅದೇ ವ್ಯತ್ಯಾಸ ಬಂದರೆ ಯಂತ್ರ ಸರಿಯಿದೆ. ಅವಳು ಅಳೆದಳು. ಕೂದಲೆಳೆಯಷ್ಟೂ ಬದಲಿರಲಿಲ್ಲ.

"ಯಂತ್ರ ಸುಳ್ಳು ಹೇಳ್ತಿಲ್ಲ ಪುಟ್ಟಿ."

"ಹಾಗಾದ್ರೆ ನನ್ನ ಕಣ್ಣು?"

"ಅದನ್ನ ಅಳೆಯೋ ಕೋಲು ನನ್ನ ಹತ್ರ ಇಲ್ಲ."

ಮೇಸ್ತ್ರಿ ಒಪ್ಪಲಿಲ್ಲ. "ಬರೆದು ಸಹಿ ಹಾಕಿ ಕೊಡಿ. ನಾಳೆ ನೀರು ನಿಂತ್ರೆ ನನ್ನ ತಲೆಗೆ ಕಟ್ಟಬೇಡಿ." ಅವಳು ಬರೆದಳು: ಚರಂಡಿ ಅಂಗಡಿಯ ಕಡೆಗೆ, ಅಂಗಡಿಯನ್ನು ಸುತ್ತಿ ಅದರ ಹಿಂದಿನ ಮೋರಿಗೆ. ಸಹಿ ಹಾಕುವ ಮುಂಚೆ ತಲೆ ಎತ್ತಿದಳು. ರಸ್ತೆ ಇನ್ನೂ ಏರುತ್ತಲೇ ಇತ್ತು. ತಲೆ ತಗ್ಗಿಸಿ ಸಹಿ ಹಾಕಿಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಮಾರು ತೋಡಿದ್ದಾಯಿತು. ಮೇಸ್ತ್ರಿ ತಾನೇ ಒಂದು ಕೊಡ ನೀರು ತಂದು ಸುರಿದ. ನೀರು ಮಣ್ಣಿನ ಹೆಂಟೆಯೊಂದರ ಮುಂದೆ ನಿಂತಿತು, ಅದನ್ನು ಸುತ್ತಿತು, ಅಂಗಡಿಯ ಕಡೆಗೆ ಹೊರಟಿತು. ಆಳುಗಳು ಅದರ ಪಕ್ಕದಲ್ಲೇ ಹೆಜ್ಜೆ ಹಾಕಿದರು. ಯಾರೂ ನಗಲಿಲ್ಲ.

"ಬಂತು! ಹತ್ತಿ ಬಂತು!" ಎಂದು ಅಂಗಡಿಯ ಅಕ್ಕ ಚಪ್ಪಾಳೆ ತಟ್ಟಿದಳು.

ಮೇಸ್ತ್ರಿ ತಲೆ ಕೆರೆದುಕೊಂಡ. "ಅಲ್ಲಾ ಮೇಡಂ, ಇದು ಏರೋ ಇಳಿಜಾರೋ?"

"ಇಳಿಜಾರು ಅಂತ ಬರೆದಿದ್ದೀನಿ."

"ಬರೆದಿದ್ದು ಬಿಡಿ. ನಿಮಗೆ ಹೇಗೆ ಕಾಣುತ್ತೆ?"

"ಏರು" ಎಂದಳು ಸಣ್ಣ ದನಿಯಲ್ಲಿ.

ಯಂತ್ರದ ಮೂರು ಕಾಲಿನ ಸ್ಟ್ಯಾಂಡ್ ಹೆಗಲಿಗೇರಿಸಿ ಅವಳು ಅಂಗಡಿಯಿಂದ, ಮೊದಲನೆಯ ಗೂಟದ ಬಳಿ ನಿಂತಿದ್ದ ಜೀಪಿನ ಕಡೆಗೆ ಇಳಿಯತೊಡಗಿದಳು. ಅರ್ಧ ದಾರಿಗೇ ಏದುಸಿರು ಬಂತು. ನಿಂತಳು.

"ಏನೇ, ಇಳಿಯೋಕೂ ಇಷ್ಟೊಂದು ಉಬ್ಬಸವಾ?" ಎಂದ ಹಿಂದಿನಿಂದ ಮಾವ.

ಅವಳು ತಿರುಗಿ ನೋಡಿದಳು. ಅವನೂ ಕೋಲು ಊರಿಕೊಂಡು ತೇಕುತ್ತಿದ್ದ. ಇಬ್ಬರೂ ಮುಂದೆ ನೋಡಿದರು. ರಸ್ತೆ ಜೀಪಿನವರೆಗೂ ಸಲೀಸಾಗಿ ಇಳಿದು ಹೋಗಿತ್ತು.